ಕೀಟಭ್ರಮರನ್ಯಾಯವೂ ಹೊಂಗಣಜವೂ

ಕೀಟಭ್ರಮರನ್ಯಾಯವನ್ನು ಕೇಳದ ಸಂಸ್ಕೃತವಿದ್ಯಾರ್ಥಿಯಿಲ್ಲ. ಅದರಲ್ಲಿ ಹೇಳಿರುವ ಭ್ರಮರವು ಯಾವುದೆಂದು ಕೇಳಿದ ವಿದ್ಯಾರ್ಥಿಯು ವಿರಳ. ಭ್ರಮರವು ಹುಳುವೊಂದನ್ನು ತಂದು ಗೂಡಿನಲ್ಲಿ ಸೆರೆಯಿಡುವುದೆಂದೂ, ಆ ಹುಳುವು ಎಡೆಬಿಡದೆ ಭ್ರಮರವನ್ನೇ ನೆನೆದು ನೆನೆದು ಕಡೆಗೆ ತಾನೇ ಭ್ರಮರವಾಗಿ ಹೊರಬರುವುದೆಂದೂ ಪಾಠಶಾಲೆಗಳಲ್ಲಿ ಹೇಳಿಕೊಡುವುದುಂಟು. ಈ ದೃಷ್ಟಾಂತವನ್ನು ಕುರಿತು ಈಚೆಗೆ ಎರಡು ಬಗೆಯ ಮಾತುಗಳು ಕೇಳಬರುತ್ತಿವೆ. ಹುಳುವು ರೂಪಾಂತರ ಹೊಂದಿ ರೆಕ್ಕೆಯ ಕೀಟವಾಗುವುದನ್ನು ಪ್ರಾಚೀನರು ಮೊದಲೇ ಅರಿತಿದ್ದರೆಂದು ಹೆಮ್ಮೆಪಡುವವರು ಕೆಲವರು. ಇಡೀ ನ್ಯಾಯವೇ ಅಜ್ಜಿಯ ಕತೆಯೆಂದು ತಳ್ಳುವವರು ಮತ್ತೆ ಕೆಲವರು. ಇವರಲ್ಲಿ ಯಾರೂ ಗೋಡೆಯ ಮೇಲಿರುವ ಆ ಗೂಡನ್ನು ನೋಡಿದಂತೆ ತೋರುವುದಿಲ್ಲ. ನೋಡಿದ್ದರೆ ಅಲ್ಲಿ ಇಬ್ಬರಲ್ಲ, ಮೂವರಿರುವುದು ಕಂಡುಬರುತ್ತಿತ್ತು.

ರಾಯಚೂರು ಜಿಲ್ಲೆಯ ಬಳಗಾನೂರು ಎರೆಯ ನೆಲದ ಊರು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಿಗೆ ಸೇರಿದ ಆ ಸೀಮೆಯಲ್ಲಿ ಮಣ್ಣಿನ ಗೋಡೆಯ ಮನೆಗಳು ಇನ್ನೂ ಉಳಿದಿರುವ ಕಡೆ, ತೊಲೆಯ ಮಗ್ಗುಲಲ್ಲಿಯೋ ಬಾಗಿಲ ಚೌಕಟ್ಟಿನ ಮೂಲೆಯಲ್ಲಿಯೋ ಅಂಗುಲದಷ್ಟು ಹಸಿಮಣ್ಣಿನ ಗೂಡುಗಳನ್ನು ಯಾರು ಬೇಕಾದರೂ ಕಾಣಬಹುದು. ಇವನ್ನು ಕಟ್ಟುವ ಜೀವಿಯನ್ನು ಜನರು ಕುಂಬಾರ ಹುಳುವೆನ್ನುತ್ತಾರೆ. ಈ ಒಂದು ಹೆಸರಿನೊಳಗೆ ಎರಡು ಬಳಗಗಳು ಅಡಗಿವೆ. ಉದ್ದವಾದ ಸಣ್ಣ ನಡುವಿನ, ಮಣ್ಣನ್ನು ಕೊಳವೆಕೊಳವೆಯಾಗಿ ಮೆತ್ತುವ ಸೆಲಿಫ್ರಾನ್ ಎಂಬುದು ತನ್ನ ಮರಿಗಾಗಿ ಜೇಡಗಳನ್ನು ತುಂಬುತ್ತದೆ. ಪುಟ್ಟ ಗಡಿಗೆಯಂತೆ ಕಂಠಸಹಿತವಾಗಿ ಗೂಡು ಮಾಡುವ ಯೂಮಿನೀಸ್, ಡೆಲ್ಟಾ ಮೊದಲಾದುವು ಎಲೆ ತಿನ್ನುವ ಕಂಬಳಿಹುಳುವಿನ ಜಾತಿಯ ಕೀಡೆಗಳನ್ನು ತುಂಬುತ್ತವೆ. ನ್ಯಾಯದಲ್ಲಿ ಕೀಟವೆಂದಿರುವುದರಿಂದ ಅಲ್ಲಿ ವಿವಕ್ಷಿತವಾದುದು ಎರಡನೆಯದೇ ಹೊರತು ಮೊದಲನೆಯದಲ್ಲ. ಜೇನುಹುಳುವಾಗಲಿ ಹೂವಿನ ದುಂಬಿಯಾಗಲಿ ಅಂತೂ ಅಲ್ಲವೇ ಅಲ್ಲ, ಅವು ಕೀಡೆಯನ್ನು ಹಿಡಿಯುವುದೇ ಇಲ್ಲ.

ಗಡಿಗೆಯೊಳಗೆ ನಡೆಯುವುದಿಷ್ಟು. ತಾಯಿಯು ಗೂಡನ್ನು ಕಟ್ಟಿ, ಒಳಗೆ ಸಣ್ಣ ಎಳೆಯೊಂದರಿಂದ ಒಂದು ಮೊಟ್ಟೆಯನ್ನು ತೂಗಬಿಡುತ್ತದೆ. ಆಮೇಲೆ ಕೀಡೆಗಳನ್ನು ಕುಟುಕಿ, ಕೊಲ್ಲದೆ ಕೇವಲ ಚಲನೆಗೆಡಿಸಿ, ಒಂದೊಂದಾಗಿ ತಂದು ತುಂಬಿ ಬಾಯಿಯನ್ನು ಮೆತ್ತಿಬಿಡುತ್ತದೆ. ಕೀಡೆಗಳು ಸತ್ತಿಲ್ಲವಾದುದರಿಂದ ಕೊಳೆಯುವುದಿಲ್ಲ. ಮೊಟ್ಟೆಯೊಡೆದು ಬಂದ ಮರಿ ಅವನ್ನು ತಿಂದು ಬೆಳೆದು, ಕೋಶಾವಸ್ಥೆಯನ್ನು ಕಳೆದು, ತಾಯಿಯ ರೂಪಿನಿಂದ ಮಣ್ಣನ್ನು ಕೊರೆದು ಹೊರಬರುತ್ತದೆ. ಹೊರಗೆ ನಿಂತು ನೋಡಿದವನಿಗೆ ಕೀಟವು ಒಳಹೊಕ್ಕುದೂ ಭ್ರಮರವು ಹೊರಬಂದುದೂ ಪ್ರತ್ಯಕ್ಷ, ನಡುವಣದೆಲ್ಲ ಅನುಮಾನ. ಆ ಅನುಮಾನವನ್ನು ಕೆಡಿಸಿದ ಉಪಾಧಿಯು ತೂಗಾಡುವ ಆ ಮೊಟ್ಟೆಯೇ. ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂದು ಸಾಧಿಸಹೊರಟವನಿಗೆ ಹಸಿಯ ಸೌದೆಯು ಹೇಗೋ ಇಲ್ಲಿ ಅದು ಹಾಗೆ. ತರ್ಕಸಂಗ್ರಹವನ್ನು ಓದಿದ ಹುಡುಗನೂ ಇದನ್ನು ಗುರುತಿಸಬಲ್ಲನು, ಆದರೆ ಗೂಡನ್ನು ಒಡೆದು ನೋಡಿದ ಮೇಲೆ ಮಾತ್ರ.

ಮೂರನೆಯವನು ಬರುವುದು ಇಲ್ಲಿಯೇ. ಕೆಲವೊಮ್ಮೆ ಅದೇ ಗಡಿಗೆಯಿಂದ ಕುಂಬಾರ ಹುಳುವಿನ ಬದಲು ಹಸುರು, ನೀಲಿ, ಹೊಂಬಣ್ಣಗಳು ಒಂದರೊಳಗೊಂದು ಹೊಳೆಯುವ ಬೇರೊಂದು ಕೀಟವು ಹೊರಡುತ್ತದೆ. ಇಂಗ್ಲಿಷರು ಇದನ್ನು ಕೋಗಿಲೆಕಣಜವೆಂದೂ ಜರ್ಮನರು ಚಿನ್ನದ ಕಣಜವೆಂದೂ ಕರೆಯುತ್ತಾರೆ. ಶಾಸ್ತ್ರದಲ್ಲಿ ಇವುಗಳ ಕುಟುಂಬಕ್ಕೆ ಕ್ರಿಸಿಡಿಡೀ ಎಂದು ಹೆಸರು. ಗ್ರೀಕರ ಚಿನ್ನವಾಚಕ ಪದದಿಂದ ಬಂದುದು. ಮಣ್ಣಿನ ಗೂಡುಗಳನ್ನೇ ಹುಡುಕುವ ಸ್ಟಿಲ್ಬಮ್ ಸಯನೂರಮ್ ಎಂಬುದು ಈ ಕುಟುಂಬದ ಅತ್ಯಂತ ದೊಡ್ಡ ಜಾತಿಗಳಲ್ಲೊಂದು. ಅದು ಹಳೆಯ ಪ್ರಪಂಚದ ಬೆಚ್ಚನೆಯ ದೇಶಗಳಲ್ಲೆಲ್ಲ ಹರಡಿದೆ. ನಮ್ಮ ದೇಶದಲ್ಲಿಯೂ ಉಂಟು. ಕುಂಬಾರ ಹುಳು ಕಟ್ಟಿದ ಗೂಡಿನಲ್ಲಿ ಇದು ತನ್ನ ಮೊಟ್ಟೆಯನ್ನು ಸೇರಿಸುವುದು. ಇದರ ಮರಿಯು ಮನೆಯೊಡೆಯನ ಮರಿಯನ್ನೇ ತಿಂದು ಬೆಳೆಯುವುದು. ಇದೇ ಕುಟುಂಬದ ಬೇರೆ ಕೆಲವು ಜಾತಿಗಳಲ್ಲಿ ಮರಿಯು ಮೊದಲು ಮನೆಯೊಡೆಯನ ಮೊಟ್ಟೆಯನ್ನು ಮುಗಿಸಿ, ಅನಂತರ ಕೂಡಿಟ್ಟ ಆಹಾರಕ್ಕೆ ಬಾಯಿಹಾಕುವುದು.

ನೈಯಾಯಿಕನ ಮುಂದೆ ಈ ಮೂರನೆಯ ಜೀವಿಯನ್ನು ಇಟ್ಟರೆ ಅವನು ಏನು ಹೇಳುವನು? ಕೀಟವು ಒಳಹೋಗಿದೆ, ಕುಂಬಾರನೇ ಅದನ್ನು ಮುಚ್ಚಿದ್ದಾನೆ, ಧ್ಯಾನಕ್ಕೆ ಬೇಕಾದ ಕತ್ತಲೆಯೂ ಏಕಾಂತವೂ ಇದೆ. ಆದರೂ ಹೊರಬಂದುದು ಧ್ಯೇಯವಾದ ಭ್ರಮರವಲ್ಲ, ಕೀಡೆಯು ಜನ್ಮದಲ್ಲಿ ಕಂಡರಿಯದ ಒಂದು ಹೊಂಬಣ್ಣದ ಪ್ರಾಣಿ. ಇದಕ್ಕಿಂತ ಸ್ಪಷ್ಟವಾದ ವ್ಯಭಿಚಾರೋದಾಹರಣೆಯನ್ನು ಕೇಳುವಂತಿಲ್ಲ. ಪಾಶ್ಚಾತ್ಯರ ಸೂಕ್ಷ್ಮದರ್ಶಕವಿಲ್ಲದೆ, ಗೋಡೆಯ ಮುಂದೆ ಸಾವಧಾನವಾಗಿ ಕುಳಿತವನಿಗೇ ಈ ನ್ಯಾಯವು ಕಾರ್ಯಕಾರಣಭಾವವಾಗಿ ನಿಲ್ಲದೆಂಬುದು ಗೊತ್ತಾಗಬಹುದಾಗಿತ್ತು. ಪ್ರಾಚೀನರ ಅರಿವಿನ ಬಗ್ಗೆ ಹೆಮ್ಮೆಪಡುವವರು ಇದನ್ನು ಮೊದಲು ಒಪ್ಪಬೇಕು. ನಗುವವರಿಗೂ ಒಂದು ಮಾತುಂಟು: ಕಾರ್ಯಕಾರಣವಾಗಿ ಬಿದ್ದುದು ದೃಷ್ಟಾಂತವಾಗಿ ಬೀಳಬೇಕಾದುದಿಲ್ಲ. ಅಲಂಕಾರಶಾಸ್ತ್ರದಲ್ಲಿ ಉಪಮಾನಕ್ಕೆ ಬೇಕಾದುದು ಲೋಕಪ್ರಸಿದ್ಧಿ. ಚಕೋರವು ಬೆಳದಿಂಗಳನ್ನು ಕುಡಿಯುವುದಿಲ್ಲವೆಂದು ಯಾವ ಕವಿಯ ಪದ್ಯವೂ ಕೆಟ್ಟಿಲ್ಲ. ಆದರೆ ಕವಿಸಮಯವೆಂಬ ನೆಪದಲ್ಲಿ, ಕವಿಯು ಕಣ್ಣಾರೆ ಕಂಡು ಆರಿಸಿದ ಪದವನ್ನು ವ್ಯಾಖ್ಯಾತೃವು ಅಳಿಸುವುದು ಮಾತ್ರ ಸಲ್ಲದು. ಈ ನ್ಯಾಯದ ಚರಿತ್ರೆಯಲ್ಲಿ ಆಗಿರುವುದು ಅದೇ.

ಭಾಗವತದ ಏಕಾದಶಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸುತ್ತಾನೆ. ಆ ಪಟ್ಟಿಯಲ್ಲಿ ಜೇನನ್ನು ಕೂಡಿಸುವ ಮಧುಕೃತ್ ಒಬ್ಬ ಗುರು; ಕಟ್ಟಕಡೆಗೆ ಬರುವ ಪೇಶಸ್ಕೃತ್ ಬೇರೊಬ್ಬ ಗುರು. ಕೀಟವನ್ನು ಸೆರೆಯಿಡುವವನು ಈ ಎರಡನೆಯವನು, ಅದೂ ಗೋಡೆಯಲ್ಲಿ. ಭಾಗವತಕಾರನಿಗೆ ಜೇನುಹುಳುವೂ ಇದೂ ಒಂದೇ ಆಗಿದ್ದರೆ ಗುರುಗಳ ಸಂಖ್ಯೆಯೇ ತಪ್ಪುತ್ತಿತ್ತು. ಪೇಶಸ್ ಎಂದರೆ ರೂಪ. ರೂಪವನ್ನು ಮಾಡುವವನು ಪೇಶಸ್ಕೃತ್. ಬೃಹದಾರಣ್ಯಕದಲ್ಲಿ ಇದರ ಸೋದರಪದವಾದ ಪೇಶಸ್ಕಾರೀ ಎಂಬುದು ಚಿನ್ನವನ್ನು ಕರಗಿಸಿ ಹೊಸರೂಪ ಕೊಡುವ ಅಕ್ಕಸಾಲೆಗೆ ಹೆಸರಾಗಿ ಬಂದಿದೆ. ಅದಕ್ಕೆ ಹಿಂದಿನ ಕಂಡಿಕೆಯಲ್ಲಿಯೇ ಹುಲ್ಲಿನ ತುದಿಯಿಂದ ಮತ್ತೊಂದಕ್ಕೆ ದಾಟುವ ತೃಣಜಲಾಯುಕೆಯ ದೃಷ್ಟಾಂತವಿರುವುದು ಗಮನಾರ್ಹ. ಮಣ್ಣನ್ನು ಮಿದಿದು ಗಡಿಗೆ ಮಾಡುವ ಕೀಟಕ್ಕೆ ರೂಪಕಾರನೆಂಬ ಹೆಸರು ಎರಡು ಕಡೆಯಿಂದಲೂ ಒಪ್ಪುತ್ತದೆ. ಇಷ್ಟು ಖಚಿತವಾದ ಪದವಿದ್ದರೂ ಅದಕ್ಕೆ ಭ್ರಮರವೆಂದು ಅರ್ಥ ಹೇಳುವ ವಾಡಿಕೆ ಬೆಳೆಯಿತು. ಶಂಕರಾಚಾರ್ಯರದೆಂದು ಪ್ರಸಿದ್ಧವಾದ ವಿವೇಕಚೂಡಾಮಣಿಯಲ್ಲಿಯೂ ಭ್ರಮರಶಬ್ದವೇ ಇದೆ. ಭ್ರಮರವೆಂದೊಡನೆ ಓದುಗನಿಗೆ ತಾವರೆಯೂ ಮಕರಂದವೂ ನೆನಪಾಗುತ್ತವೆ, ಗೋಡೆ ಮರೆಯುತ್ತದೆ.

ಬಿರುದು ಯಾವುದು, ಅದನ್ನು ಹೊತ್ತವನು ಯಾರು ಎಂಬ ಇಂತಹ ಸಂದೇಹವನ್ನು ಬಿಡಿಸುವ ಉಪಾಯವನ್ನು ಬಳಗಾನೂರಿನ ನೆರೆಯ ಮಸ್ಕಿಯೇ ಕಲಿಸಿದೆ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಬಂಡೆಬಂಡೆಗಳಲ್ಲಿ ಕಾಣುತ್ತಿದ್ದರೂ, ಅವು ಯಾವ ಅರಸನವೆಂದು ಶಾಸನದ ಬಾಯಿಂದಲೇ ನೇರವಾಗಿ ಹೇಳಿಸುವುದು ಆಗಿರಲಿಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರಾದ ಬೀಡನ್ ಎಂಬವರು ಕಂಡ ಮಸ್ಕಿಯ ಶಾಸನದಲ್ಲಿ ಬಿರುದೂ ಅಶೋಕನೆಂಬ ಹೆಸರೂ ಒಂದೇ ಕಡೆ ದೊರೆತುವು. ಅಂತೆಯೇ, ಪೇಶಸ್ಕೃತ್ ಯಾರೆಂಬುದಕ್ಕೂ ಕೀಟ, ಗೋಡೆ, ಸೆರೆ ಈ ಮೂರೂ ಒಟ್ಟಿಗೆ ಬರುವ ಏಕಾದಶಸ್ಕಂಧದ ಸ್ಥಳವೇ ಪ್ರಮಾಣ. ನಿಘಂಟಿನಲ್ಲಿ ಬಿಡಿಬಿಡಿಯಾಗಿ ಪದಗಳನ್ನು ನೋಡುವುದರಿಂದ ಇದು ತೀರುವುದಿಲ್ಲ. ಅಮರಸಿಂಹನ ಸಿಂಹಾದಿವರ್ಗದಲ್ಲಿ ಕಣಜಕ್ಕೆ ಗಂಧೋಲೀ, ವರಟಾ ಎಂಬ ಹೆಸರುಗಳಿವೆ. ಅದೇ ವರ್ಗದಲ್ಲಿ ಹಂಸದ ಹೆಣ್ಣಿಗೂ ವರಟಾ ಎಂದೇ ಹೆಸರು.

ಕನ್ನಡವು ಈ ವಿಷಯದಲ್ಲಿ ಹೆಚ್ಚು ಕಣ್ಣುಳ್ಳದ್ದೆಂಬುದನ್ನು ವಿಮರ್ಶಕರು ಸಾಕಷ್ಟು ಎತ್ತಿಹೇಳಿಲ್ಲ. ವಚನಗಳಲ್ಲಿ ಈ ದೃಷ್ಟಾಂತವು ಬಂದಾಗ ಕೀಡೆಯ ಜೊತೆಗೆ ನಿಲ್ಲುವ ಪದ ಕುಂಡಲಿಗ. ಇದು ತುಂಬಿಯೂ ಅಲ್ಲ, ಜೇನೂ ಅಲ್ಲ. ಕೀಡೆಯನ್ನು ತರುವ ಕಣಜವೇ. ವಚನಕಾರರು ಸಂಸ್ಕೃತನ್ಯಾಯದ ಭ್ರಮರವನ್ನು ಹಾಗೆಯೇ ಎತ್ತಿಕೊಳ್ಳಬಹುದಾಗಿದ್ದಾಗ, ಮನೆಯ ಗೋಡೆಯ ಮೇಲಿನದನ್ನು ಅದರ ಹೆಸರಿನಿಂದಲೇ ಕರೆದರು. ಭಾವವನ್ನೂ ಬದಲಿಸಿದರು. ಭಾಗವತದ ಸಪ್ತಮಸ್ಕಂಧದಲ್ಲಿ ನಾರದನು ಶಿಶುಪಾಲನ ಗತಿಯನ್ನು ವಿವರಿಸುವಾಗ ಈ ಕೀಟವನ್ನು ತರುತ್ತಾನೆ. ಅಲ್ಲಿ ಕೀಟವು ಸಾರೂಪ್ಯವನ್ನು ಪಡೆಯುವುದು ಭಯದಿಂದ, ದ್ವೇಷದಿಂದ. ವಿವೇಕಚೂಡಾಮಣಿಯಲ್ಲಿ ಏಕನಿಷ್ಠೆಯಿಂದ. ವಚನಗಳಲ್ಲಿ ಗುರುವಿನ ಸೋಂಕಿನಿಂದ, ಶರಣರ ಸಂಗದಿಂದ. ಭಯ, ಧ್ಯಾನ, ಸಂಗ ಈ ಮೂರನ್ನೂ ‘ಕೀಟಭ್ರಮರನ್ಯಾಯವು ಪ್ರಸಿದ್ಧವೇ’ ಎಂಬ ಒಂದು ವಾಕ್ಯದಲ್ಲಿ ಮುಗಿಸುವ ಟಿಪ್ಪಣಿಗಳು ವಿದ್ಯಾರ್ಥಿಗೆ ಉಪಕಾರ ಮಾಡುವುದಿಲ್ಲ. ಹೊಸಗನ್ನಡದ ಅರ್ಥವಿವರಣೆಗಳಲ್ಲಿ ಕುಂಡಲಿಗನನ್ನು ದುಂಬಿಯೆಂದು ಬರೆಯುವುದಂತೂ, ಬೆಲೆಯುಳ್ಳ ನಾಣ್ಯವನ್ನು ಕೊಟ್ಟು ಸವೆದುದನ್ನು ತಂದಂತೆ.

ಮೂರನೆಯವನ ಕೆಲಸವನ್ನು ಹೇಳಲು ಸಂಸ್ಕೃತದಲ್ಲಿ ಪದವಿರಲಿಲ್ಲವೆಂದಲ್ಲ. ಅಮರನು ಕಾಗೆಗೆ ಪರಭೃತ್ ಎಂದೂ ಕೋಗಿಲೆಗೆ ಪರಭೃತವೆಂದೂ ಹೆಸರು ಕೊಟ್ಟಿದ್ದಾನೆ. ಪರನನ್ನು ಸಾಕುವುದು ಪರಭೃತ್, ಪರನಿಂದ ಸಾಕಲ್ಪಟ್ಟುದು ಪರಭೃತ. ಕ್ವಿಪ್ ಪ್ರತ್ಯಯಕ್ಕೂ ಕ್ತ ಪ್ರತ್ಯಯಕ್ಕೂ ಇರುವ ಅಂತರದಲ್ಲಿ ಎರಡು ಹಕ್ಕಿಗಳ ಸಂಬಂಧವೆಲ್ಲ ಅಡಗಿದೆ. ಯಾವ ಭಾಷೆಯ ವರ್ಗೀಕರಣಕಾರನೂ ಇದಕ್ಕಿಂತ ಮಿತವಾಗಿ ಹೇಳಲಾರನು. ಕಾಳಿದಾಸನು ಈ ತಿಳಿವನ್ನು ಎಂತಹ ಸ್ಥಳದಲ್ಲಿ ಬಳಸಿದ್ದಾನೆಂಬುದನ್ನು ಶಾಕುಂತಲದ ಐದನೆಯ ಅಂಕವನ್ನು ಪಾಠಹೇಳುವವರು ಬಲ್ಲರು. ದುಷ್ಯಂತನು ಶಕುಂತಲೆಯ ಮುಖದ ಮುಂದೆಯೇ, ಹೆಣ್ಣುಕೋಗಿಲೆಗಳು ತಮ್ಮ ಮರಿಗಳನ್ನು ಬೇರೆ ಹಕ್ಕಿಗಳಿಂದ ಸಾಕಿಸಿಕೊಳ್ಳುವುವೆಂದು ಚುಚ್ಚುತ್ತಾನೆ. ತಾಯಿಯಾದ ಮೇನಕೆ ಬಿಟ್ಟುಹೋದ, ಹಕ್ಕಿಗಳು ಕಾಯ್ದ, ಕಣ್ವರು ಸಾಕಿದ ಹುಡುಗಿಗೆ ಆ ಮಾತು ಎರಡು ಕಡೆಯಿಂದ ತಗಲುತ್ತದೆ: ಆಕೆಯ ಗರ್ಭದ ಶಿಶುವಿನ ಮೇಲೂ, ಆಕೆಯ ಜನ್ಮದ ಮೇಲೂ. ಇದೇ ಅಂಕವು ಹಂಸಪದಿಕೆಯ ಹಾಡಿನಲ್ಲಿ ಮಧುಕರನಿಗೆ ಕೊಟ್ಟ ಉಪಾಲಂಭದಿಂದ ಪ್ರಾರಂಭವಾಗುವುದು ಆಕಸ್ಮಿಕವಲ್ಲ. ಹಾಗಾದರೆ ಹಕ್ಕಿಯಲ್ಲಿ ಕಂಡ ಕೃತ್ಯವು ಕಣಜದಲ್ಲಿ ಏಕೆ ಕಾಣಲಿಲ್ಲ? ಕಾಗೆಯ ಗೂಡಿಗೆ ಮುಚ್ಚಳವಿಲ್ಲ. ಕೋಗಿಲೆಯ ಮರಿ ಬಾಯಿ ತೆರೆದು ಕೂಗುವುದೂ ಕಾಗೆ ಗುಟುಕು ಕೊಡುವುದೂ ಹಾದಿಹೋಕನಿಗೂ ಕಾಣುತ್ತದೆ. ಮಣ್ಣಿನ ಗಡಿಗೆ ಮುಚ್ಚಿದ್ದು. ತೆರೆದ ಗೂಡಿನಲ್ಲಿ ಕವಿಗಳು ಕಳ್ಳನನ್ನು ಕಂಡರು, ಮುಚ್ಚಿದ ಗೂಡಿನಲ್ಲಿ ಗುರುವನ್ನು ಊಹಿಸಿದರು. ಅವಧೂತನ ಪಟ್ಟಿಯಲ್ಲಿಯೇ, ಪೇಶಸ್ಕೃತ್ತಿಗೆ ಸ್ವಲ್ಪ ಮೊದಲು, ಪರರು ಕಟ್ಟಿದ ಮನೆಯನ್ನು ಹೊಕ್ಕು ಸುಖವಾಗಿರುವ ಹಾವೂ ಒಬ್ಬ ಗುರುವಾಗಿ ನಿಂತಿದೆ. ಎರಡು ಪಾಠಗಳೂ ಒಂದೇ ಗೋಡೆಯಲ್ಲಿ ಕೂಡಿಬಂದಿದ್ದುದನ್ನು ಯಾರೂ ನೋಡಲಿಲ್ಲ.

ಕೋಗಿಲೆಕಣಜವೆಂಬ ಇಂಗ್ಲಿಷ್ ಹೆಸರಾದರೂ ನಿರ್ದುಷ್ಟವೇ ಎಂದರೆ ಅದೂ ಅಲ್ಲ. ನಮ್ಮ ಕೋಗಿಲೆಯ ಮರಿಯು ಸಾಮಾನ್ಯವಾಗಿ ಕಾಗೆಯ ಮರಿಗಳನ್ನು ಗೂಡಿನಿಂದ ನೂಕುವುದಿಲ್ಲ, ಅವುಗಳೊಡನೆ ಬೆಳೆಯುತ್ತದೆ. ಈ ಕಣಜದ ಮರಿಯಾದರೋ ಮನೆಯೊಡೆಯನ ಸಂತಾನವನ್ನು ಉಳಿಸುವುದಿಲ್ಲ. ಅದಕ್ಕೆ ಗುಟುಕಿಡುವ ಸಾಕುತಾಯಿಯೂ ಇಲ್ಲ. ಮೇಲಾಗಿ ಈ ಹೆಸರು ಕುಟುಂಬದ ಎಲ್ಲ ಶಾಖೆಗಳಿಗೂ ಹೊಂದುವುದಿಲ್ಲ. ಕಿಮ್ಸೆ ಮತ್ತು ಬೋಹಾರ್ಟ್ ಎಂಬ ವಿದ್ವಾಂಸರು 1991ರಲ್ಲಿ ಪ್ರಕಟವಾದ ಬೃಹದ್ಗ್ರಂಥದಲ್ಲಿ ಪ್ರಪಂಚದ ಕ್ರಿಸಿಡಿಡೀಗಳನ್ನೆಲ್ಲ ನಾಲ್ಕು ಉಪಕುಟುಂಬಗಳಲ್ಲಿ ಜೋಡಿಸಿದರು. ಇಂದು ಹೆಸರಿಟ್ಟ ಜಾತಿಗಳು 2,500ಕ್ಕೂ ಹೆಚ್ಚು. ಅವುಗಳಲ್ಲಿ ಕಣಜ, ಜೇನುಜಾತಿಗಳ ಗೂಡುಗಳಿಗೆ ನುಗ್ಗುವುದು ಮುಖ್ಯವಾಗಿ ಕ್ರಿಸಿಡಿನೀ ಎಂಬ ಒಂದು ಶಾಖೆ. ಜಾತಿಗಳ ಬಹುಭಾಗವೂ ಅದರಲ್ಲಿಯೇ. ಅಮಿಸೆಜಿನೀ, ಲೋಬೋಸೆಲಿಡಿನೀ ಎಂಬುವು ಕಡ್ಡಿಹುಳುಗಳ ಮೊಟ್ಟೆಯೊಳಗೆ ಬೆಳೆಯತಕ್ಕವು. ಕ್ಲೆಪ್ಟಿನೀ ಶಾಖೆಯು ಗರಗಸದ ನೊಣಗಳೆನಿಸಿದ ಕೀಟಗಳ ಮರಿಗಳನ್ನು ಆಶ್ರಯಿಸುವುದು. ಇದರ ಹೆಸರಿನ ಮೂಲವಾದ ಕ್ಲೆಪ್ಟಿಸ್ ಎಂದರೆ ಗ್ರೀಕಿನಲ್ಲಿ ಕಳ್ಳ. ಕೂಡಿಟ್ಟ ಆಹಾರವನ್ನು ಕದಿಯುವವಕ್ಕೆ ಚಿನ್ನವೆಂಬ ಹೆಸರು, ಏನನ್ನೂ ಕದಿಯದ ಇದಕ್ಕೆ ಕಳ್ಳನೆಂಬ ಹೆಸರು!

ಭಾರತದ ಜಾತಿಗಳನ್ನು ಮೊದಲು ವಿಸ್ತಾರವಾಗಿ ವರ್ಣಿಸಿದ ಪುಸ್ತಕವು ಸೈನ್ಯಾಧಿಕಾರಿಯಾಗಿದ್ದ ಸಿ. ಟಿ. ಬಿಂಗ್‌ಹ್ಯಾಮರದು; ಬ್ರಿಟಿಷ್ ಇಂಡಿಯಾದ ಪ್ರಾಣಿಸಂಕುಲವೆಂಬ ಮಾಲೆಯಲ್ಲಿ 1903ರಲ್ಲಿ ಹೊರಬಂದಿತು. ಇರುವೆಗಳೂ ಕೋಗಿಲೆಕಣಜಗಳೂ ಒಂದೇ ಸಂಪುಟದಲ್ಲಿ ಕಟ್ಟಲ್ಪಟ್ಟಿದ್ದರೂ ಅವೆರಡಕ್ಕೂ ನಿಕಟವಾದ ರಕ್ತಸಂಬಂಧವಿಲ್ಲ. ರಟ್ಟೊಂದೇ ಆದ ಮಾತ್ರಕ್ಕೆ ಕುಲವೊಂದೇ ಎಂದುಕೊಳ್ಳಬಾರದು. ಆ ಗ್ರಂಥವನ್ನು ಸಾಹಿತ್ಯದ ಅಭ್ಯಾಸಿಯೂ ಒಮ್ಮೆ ಓದತಕ್ಕುದು. ವರ್ಣನೆಯ ಭಾರವೆಲ್ಲ ದೇಹದ ಮೇಲಿನ ಗುಳಿ, ಗೆರೆ, ಹಲ್ಲು, ಬಣ್ಣಗಳ ಮೇಲೆ ಬಿದ್ದಿರುವುದರಿಂದ ಅಲ್ಲಿ ಉಪಮೆಗೆ ಎಡೆಯಿಲ್ಲ. ಆದರೆ ಕೇಶಾದಿಪಾದವರ್ಣನೆಯಲ್ಲಿ ನಮ್ಮ ಕವಿಗಳು ಸಾಮಾನ್ಯವಾಗಿ ಬಿಡುವ ವಿಶೇಷವನ್ನು, ಅಂದರೆ ಈ ವ್ಯಕ್ತಿಯನ್ನು ಆ ವ್ಯಕ್ತಿಯಿಂದ ಬೇರ್ಪಡಿಸುವ ಗುರುತನ್ನು, ಅದು ಬಿಡುವುದಿಲ್ಲ. ಆಕೃತಿಯನ್ನೇ ನಂಬಿದುದರ ಅಪಾಯವೂ ಈ ಶಾಸ್ತ್ರದ ಚರಿತ್ರೆಯಲ್ಲಿ ಕಾಣುತ್ತದೆ. ಸ್ವೀಡನ್ನಿನ ಡಾಲ್‌ಬಾಮ್ 1854ರಲ್ಲಿ ಕ್ರಿಸಿಸ್ ಕುಲದ ಜಾತಿಗಳನ್ನು, ಹೊಟ್ಟೆಯ ತುದಿಯ ಅಂಚಿನಲ್ಲಿರುವ ಹಲ್ಲುಗಳನ್ನು ಎಣಿಸಿ, ಹಲ್ಲಿಲ್ಲದುದು, ಒಂದು ಹಲ್ಲಿನದು, ಎರಡರದು, ನಾಲ್ಕರದು, ಆರರದು ಎಂದು ಪಂಗಡಮಾಡಿದರು. ಮಾತ್ರೆಗಳನ್ನು ಎಣಿಸಿ ಶರವೋ ಭಾಮಿನಿಯೋ ವಾರ್ಧಕವೋ ಎಂದು ನಿರ್ಣಯಿಸುವ ಲಾಕ್ಷಣಿಕನಿಗೆ ಇದು ಮೆಚ್ಚುಗೆಯಾದೀತು. ಆದರೆ ಎಣಿಕೆಯು ಷಟ್ಪದಿಯಲ್ಲಿ ಸಾಗಿದಂತೆ ಷಟ್ಪದದಲ್ಲಿ ಸಾಗಲಿಲ್ಲ: ಹಲ್ಲಿನ ಸಂಖ್ಯೆಯೊಂದೇ ಆದವು ಬಂಧುಗಳಾಗಿರಬೇಕಾದುದಿಲ್ಲವೆಂದು ಮುಂದಿನವರು ಕಂಡರು. ಲಿನೇಯಸನು 1758ರಲ್ಲಿ ಹೆಸರಿಟ್ಟ ಇಗ್ನಿಟಾ ಎಂಬ ಒಂದು ಜಾತಿಯೇ ಒಂದಕ್ಕೊಂದು ಬಹಳ ಹೋಲುವ ಅನೇಕ ಜಾತಿಗಳ ಗುಂಪೆಂದು ಈಚಿನ ಸಂಶೋಧನೆಗಳಿಂದ ಸಿದ್ಧವಾಗಿದೆ. ಬಣ್ಣವೂ ಪ್ರಮಾಣವಲ್ಲ, ಏಕೆಂದರೆ ಆ ಹೊಳಪು ಬಣ್ಣದ ದ್ರವ್ಯದಿಂದ ಬಂದುದಲ್ಲ. ಹೊರಕವಚದ ತೆಳುಪದರಗಳಲ್ಲಿ ಬೆಳಕು ಪ್ರತಿಫಲಿಸುವ ಬಗೆಯಿಂದ ಹುಟ್ಟಿದುದು. ಕಪ್ಪೆಚಿಪ್ಪಿನಲ್ಲಿ ಬೆಳ್ಳಿಯನ್ನು ಕಾಣುವ ಶುಕ್ತಿರಜತದೃಷ್ಟಾಂತಕ್ಕೆ ಸರಿಜೋಡಿಯಾಗಿ ಇಲ್ಲಿ ಚಿನ್ನವೊಂದು ದೊರೆಯಿತು. ಚಿಪ್ಪಿನ ಹೊಳಪೂ ಪದರಗಳದೇ.

ಇದರ ನಡತೆಯಲ್ಲಿ ಕಾವ್ಯಕ್ಕೆ ಯೋಗ್ಯವಾದುದು ಬೇಕಾದಷ್ಟಿದೆ. ಕುಟುಕುವ ಮುಳ್ಳು ಕುಗ್ಗಿಹೋಗಿರುವುದರಿಂದ ಇದಕ್ಕೆ ಆಯುಧವಿಲ್ಲ. ಮನೆಯೊಡೆಯನ ಕೈಗೆ ಸಿಕ್ಕಿದರೆ, ಒಳಬಾಗಿದ ಹೊಟ್ಟೆಯನ್ನು ಎದೆಗೆ ಮಡಚಿ ಗುಂಡಾಗಿಬಿಡುತ್ತದೆ. ಮೇಲೆ ಉಳಿಯುವುದು ಗಟ್ಟಿಯಾದ ಕವಚ ಮಾತ್ರ. ಫ್ರಾನ್ಸಿನ ಲೆಪೆಲೆತಿಯೆ ವರ್ಣಿಸಿದ ಒಂದು ಪ್ರಸಂಗದಲ್ಲಿ, ಗೂಡಿಗೆ ಹಿಂತಿರುಗಿದ ಜೇನಿನ ಜಾತಿಯ ಹುಳು ಹೀಗೆ ಗುಂಡಾದ ಹೆಡಿಕ್ರಮ್ ಒಂದನ್ನು ಬೇರೇನೂ ಮಾಡಲಾರದೆ ರೆಕ್ಕೆಗಳನ್ನು ಕತ್ತರಿಸಿ ಕೆಳಕ್ಕೆ ಬೀಳಿಸಿತು; ಮನೆಯಾಕೆ ಹೊರಟುಹೋದ ಮೇಲೆ ರೆಕ್ಕೆಯಿಲ್ಲದ ಆ ಪ್ರಾಣಿ ಗೋಡೆಯನ್ನು ನಡೆದೇ ಹತ್ತಿ ಗೂಡಿನಲ್ಲಿ ಮೊಟ್ಟೆಯಿಟ್ಟಿತು. ವೇಷಾಂತರದಲ್ಲಿಯೂ ಇವು ಗಟ್ಟಿಗರು. ಹೆಡಿಕ್ರಮ್ ರುಟಿಲಾನ್ಸ್ ಎಂಬುದು ಜೇನನ್ನು ಬೇಟೆಯಾಡುವ ಕಣಜದ ಮೈಯ ಮೇಣದಂತಹ ವಾಸನೆಯನ್ನೇ ತನ್ನ ಮೈಯಲ್ಲಿ ತಳೆದು ಒಳಹೊಗುವುದೆಂದು 2008ರಲ್ಲಿ ಪ್ರಕಟವಾದ ಪರಿಶೋಧನೆಯೊಂದು ತೋರಿಸಿತು. ಸಾರೂಪ್ಯವನ್ನು ಪಡೆಯುವುದು ಸೆರೆಯಾದ ಕೀಟವಲ್ಲ, ಕದಿಯಲು ಬಂದವನು ಎಂದಾಯಿತು.

ಇನ್ನು ಹೆಸರು. ಸಂಸ್ಕೃತದಲ್ಲಿ ಪರಭೃತಕಣಜವೆಂದರೆ ಅರಿಸಮಾಸದ ದೋಷ. ಕೋಗಿಲೆಕಣಜವು ಇಂಗ್ಲಿಷಿನ ನೆರಳು. ಹೊನ್ನು ಮತ್ತು ಕಣಜ ಸೇರಿ, ಸಮಾಸದಲ್ಲಿ ಕಕಾರಕ್ಕೆ ಗಕಾರವು ಬಂದು ಆಗುವ ಹೊಂಗಣಜವೆಂಬುದು ಕೇಶಿರಾಜನ ಸೂತ್ರಕ್ಕೂ ಗ್ರೀಕರ ಹೆಸರಿಗೂ ಒಪ್ಪುವಂಥದು. ತಮಿಳಿನ ಕಡಂದೈ, ಮಲೆಯಾಳದ ಕಡನ್ನಲ್ ಎಂಬುವಕ್ಕೆ ನಂಟಾದ ಈ ಕಣಜವೇ ಬೇರೆ, ಧಾನ್ಯವನ್ನು ತುಂಬುವ ಕಣಜವೇ ಬೇರೆ. ತುಂಗಭದ್ರೆಯ ನೀರು ಹರಿದ ಮೇಲೆ ಭತ್ತದ ಕಣಜವೆನಿಸಿದ ಸಿಂಧನೂರಿನ ಕಡೆಯವರಿಗೆ ಹೊಂಗಣಜವೆಂದರೆ ಮೊದಲು ಬಂಗಾರದ ಉಗ್ರಾಣವೇ ತೋಚಬಹುದು. ಪರರ ಉಗ್ರಾಣದಲ್ಲಿ ಬೆಳೆಯುವ ಪ್ರಾಣಿಗೆ ಆ ಶ್ಲೇಷವು ಭೂಷಣವೇ. ಆಕ್ಷೇಪವೊಂದು ಉಳಿಯುತ್ತದೆ: ಕಡ್ಡಿಹುಳುವಿನ ಮೊಟ್ಟೆಯಲ್ಲಿ ಬೆಳೆಯುವ ಲೋಬೋಸೆಲಿಡಿಯಾಗಳ ಮೈ ಕಂದು, ಅವುಗಳಲ್ಲಿ ಹೊನ್ನಿನ ಹೊಳಪಿಲ್ಲ. ಅವುಗಳ ಮಟ್ಟಿಗೆ ಈ ಹೆಸರನ್ನು ಯೌಗಿಕವೆನ್ನದೆ ರೂಢವೆಂದೇ ಹೇಳಬೇಕಾಗುವುದು.